ತನ್ನ ಮೇಲೆ ತಾನೇ ಸಾಕ್ಷಿ ಬಿಟ್ಟುಹೋದ ವಕೀಲ

ಕ್ರಿ.ಪೂ. 44ರ ಏಪ್ರಿಲ್ ತಿಂಗಳು. ಜೂಲಿಯಸ್ ಸೀಸರನನ್ನು ಸೆನೆಟ್ ಸಭೆಯಲ್ಲೇ ಇರಿದು ಕೊಂದು ಒಂದು ತಿಂಗಳಾಗಿದೆ. ಮುಂದೆ ರೋಮ್ ಯಾರ ಕೈಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ 62 ವರ್ಷದ ಒಬ್ಬ ಹಿರಿಯ ರಾಜಕಾರಣಿ ತನ್ನ ಗೆಳೆಯನಿಗೆ ಕಾಗದ ಬರೆಯುತ್ತಾನೆ. ಅದರಲ್ಲಿ ದೇಶದ ಸಂಗತಿಯ ಜೊತೆಗೆ ಮನೆಯ ಸಂಗತಿಯೂ ಇದೆ. ನನ್ನ ಎರಡು ಅಂಗಡಿ ಬಿದ್ದುಹೋದವು, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆಗೆ ಇದ್ದವರು ಹಾಗಿರಲಿ, ಇಲಿಗಳೂ ಜಾಗ ಖಾಲಿ ಮಾಡಿವೆ ಅನ್ನುತ್ತಾನೆ. ಬೇರೆಯವರು ಇದನ್ನು ದೊಡ್ಡ ಆಪತ್ತು ಅಂತಾರೆ, ನನಗೆ ಇದು ತೊಂದರೆ ಅಂತಲೂ ಅನ್ನಿಸುತ್ತಿಲ್ಲ, ಎಲ್ಲ ಸಾಕ್ರಟೀಸನ ದಯೆ ಅಂತ ಸೇರಿಸುತ್ತಾನೆ. ಅಬ್ಬಾ, ಎಂಥ ವಿರಕ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಕಾಗದ ಅಲ್ಲಿಗೇ ನಿಲ್ಲುವುದಿಲ್ಲ. ಹೊಸದಾಗಿ ಕಟ್ಟಿಸುವ ಒಂದು ಪ್ಲಾನ್ ಇದೆ, ಹಾಗೆ ಮಾಡಿದರೆ ಈ ನಷ್ಟವೇ ಲಾಭವಾಗುತ್ತದೆ ಅಂತಲೂ ಬರೆದಿದ್ದಾನೆ.

ಇವನೇ ಮಾರ್ಕಸ್ ಟುಲ್ಲಿಯಸ್ ಸಿಸೆರೊ. ರೋಮ್ ಕಂಡ ಅತಿ ದೊಡ್ಡ ಭಾಷಣಕಾರ. ಲ್ಯಾಟಿನ್ ಗದ್ಯ ಹೇಗಿರಬೇಕು ಅಂತ ಮುಂದಿನ ಎಷ್ಟೋ ಶತಮಾನಗಳ ಕಾಲ ಮಕ್ಕಳು ಇವನನ್ನೇ ಓದಿ ಕಲಿತರು. ಅಂಥವನ ಪರಿಚಯ ಮಾಡಿಕೊಡಲು ಬಾಡಿಗೆ ಅಂಗಡಿಯನ್ನು ಮುಂದೆ ತಂದೆನಲ್ಲ ಅಂದುಕೊಳ್ಳಬೇಡಿ. ನನಗೆ ಸಿಸೆರೊ ಹಿಡಿಸಿದ್ದೇ ಆ ದಾರಿಯಿಂದ. ಭಾಷಣಗಳ ಸಿಸೆರೊ ಶಿಲೆಯ ಹಾಗೆ. ಕಾಗದಗಳ ಸಿಸೆರೊ ಪಕ್ಕದ ಮನೆಯವನು.

ಹುಟ್ಟಿದ್ದು ಕ್ರಿ.ಪೂ. 106ರ ಜನವರಿ 3ರಂದು, ರೋಮಿನಿಂದ ಸುಮಾರು 100 ಕಿಲೋಮೀಟರ್ ದೂರದ ಅರ್ಪೀನಮ್ ಅನ್ನುವ ಬೆಟ್ಟದೂರಿನಲ್ಲಿ. ಮನೆಯಲ್ಲಿ ದುಡ್ಡಿತ್ತು, ಓದಿತ್ತು. ಆದರೆ ವಂಶದಲ್ಲಿ ಯಾರೂ ರೋಮಿನ ದೊಡ್ಡ ಹುದ್ದೆ ಏರಿದವರಿರಲಿಲ್ಲ. ರೋಮಿನಲ್ಲಿ ಇದು ಸಣ್ಣ ಕೊರತೆಯಲ್ಲ. ಅಲ್ಲಿನ ಹಳೆಯ ಮನೆತನಗಳಿಗೆ ಹುದ್ದೆಗಳು ಹೆಚ್ಚುಕಡಿಮೆ ಮನೆ ಆಸ್ತಿಯಿದ್ದ ಹಾಗೆ. ಹೊರಗಿನಿಂದ ಬಂದವನು 'ಹೊಸಬ'. ಆ ಹಣೆಪಟ್ಟಿ ಸಿಸೆರೊನನ್ನು ಜೀವನವಿಡೀ ಬಿಡಲಿಲ್ಲ. ಅವನ ಜಂಭ, ಅವನ ಪುಕ್ಕಲು, ದೊಡ್ಡವರು ಬೆನ್ನು ತಟ್ಟಲಿ ಅನ್ನುವ ಅವನ ಆಸೆ, ಇವೆಲ್ಲದರ ಬೇರು ನನಗೆ ಇಲ್ಲೇ ಕಾಣುತ್ತದೆ.

ಅವನ ಬಳಿ ಸೈನ್ಯ ಇರಲಿಲ್ಲ, ವಂಶದ ಹೆಸರಿರಲಿಲ್ಲ. ಇದ್ದದ್ದು ಬಾಯಿ. ಇಪ್ಪತ್ತಾರನೇ ವಯಸ್ಸಿಗೆ ಒಂದು ಕೊಲೆ ಕೇಸು ಹಿಡಿದ. ತಂದೆಯನ್ನು ಕೊಂದ ಆರೋಪ ಹೊತ್ತ ರೋಸ್ಕಿಯಸ್‌ನ ಪರವಾಗಿ. ಆರೋಪದ ಹಿಂದೆ ಇದ್ದವನು ಸರ್ವಾಧಿಕಾರಿ ಸುಲ್ಲಾನ ಆಪ್ತ ಕ್ರಿಸೋಗೋನಸ್. ಸತ್ತವನ ಆಸ್ತಿಯನ್ನು ನುಂಗಿದವನೂ ಅವನೇ. ಅನುಭವಸ್ಥ ವಕೀಲರು ಮುಟ್ಟಲು ಹೆದರಿದ ಕೇಸನ್ನು ಈ ಹುಡುಗ ಗೆದ್ದ. ಆಮೇಲೆ ಗ್ರೀಸಿಗೆ ಹೋಗಿ ಓದಿದ, ರೋಡ್ಸ್ ದ್ವೀಪದಲ್ಲಿ ಮೋಲೋ ಅನ್ನುವ ಗುರುವಿನ ಹತ್ತಿರ ದನಿಯನ್ನು ಹದ ಮಾಡಿಕೊಂಡ. ಮೊದಲು ಕಿರುಚಿ ಕಿರುಚಿ ಮಾತಾಡುತ್ತಿದ್ದನಂತೆ. ಮೈಯೂ ತೀರಾ ಬಡಕಲು, ಹೊಟ್ಟೆಯದು ಯಾವಾಗಲೂ ಕಾಟ.

ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಖಜಾನೆಯ ಅಧಿಕಾರಿಯಾಗಿದ್ದ. ರೋಮಿನಲ್ಲಿ ಧಾನ್ಯದ ಬೆಲೆ ಏರಿದ ವರ್ಷ. ಸಿಸಿಲಿಯಿಂದ ಬೇಕಾದಷ್ಟು ಧಾನ್ಯ ಕಳಿಸಿದ, ಕೈ ಕೆಡಿಸಿಕೊಳ್ಳಲಿಲ್ಲ. ಊರಿಗೆ ವಾಪಸಾಗುವಾಗ ರೋಮ್ ಪೂರ್ತಿ ತನ್ನದೇ ಮಾತು ಅಂದುಕೊಂಡಿದ್ದ. ದಾರಿಯಲ್ಲಿ ಪುಟಿಯೋಲಿ ಬಂದರಿನಲ್ಲಿ ಇಳಿದ. ಶ್ರೀಮಂತರು ನೀರಿಗಿಳಿದು ಮಜಾ ಮಾಡುವ ಜಾಗ ಅದು. ಎದುರಿಗೆ ಸಿಕ್ಕ ಒಬ್ಬ ಕೇಳಿದ: "ರೋಮಿನಿಂದ ಯಾವಾಗ ಹೊರಟಿರಿ? ಏನು ಸಮಾಚಾರ?" ಇವನು ಮುಖ ಗಂಟಿಕ್ಕಿ, ನಾನು ಬರುತ್ತಿರುವುದು ನನ್ನ ಪ್ರಾಂತ್ಯದಿಂದ ಅಂದ. "ಓ ಹೌದಲ್ಲ, ಆಫ್ರಿಕಾದಿಂದ!" ಅಲ್ಲ, ಸಿಸಿಲಿಯಿಂದ ಅಂತ ಇವನು ಸಿಡುಕಿದ. ಪಕ್ಕದಲ್ಲಿದ್ದ ಇನ್ನೊಬ್ಬ ಸರ್ವಜ್ಞ, "ಅಷ್ಟೂ ಗೊತ್ತಿಲ್ವಾ ನಿಂಗೆ? ಇವರು ಸಿರಾಕ್ಯೂಸ್‌ನಲ್ಲಿ ಇದ್ದರು" ಅಂದನಂತೆ. ಸಿಸೆರೊ ಇದ್ದದ್ದು ದ್ವೀಪದ ಇನ್ನೊಂದು ತುದಿಯ ಲಿಲಿಬೇಯಮ್‌ನಲ್ಲಿ! ಕೊನೆಗೆ ಸಿಟ್ಟು ಬಿಟ್ಟು, ಸುಮ್ನೆ ನೀರಿಗಿಳಿಯಲು ಬಂದ ಜನರಲ್ಲಿ ತಾನೂ ಒಬ್ಬನಾದ.

ಈ ಕಥೆ ಯಾವುದೋ ಶತ್ರು ಹಬ್ಬಿಸಿದ್ದಲ್ಲ. ಇಪ್ಪತ್ತು ವರ್ಷದ ನಂತರ ಒಂದು ಕೇಸಿನಲ್ಲಿ, ತುಂಬಿದ ನ್ಯಾಯಾಲಯದ ಎದುರು, ಸಿಸೆರೊನೇ ಹೇಳಿಕೊಂಡಿದ್ದು. ರೋಮಿನ ಜನಕ್ಕೆ ಕಿವಿ ಮಂದ, ಕಣ್ಣು ಚುರುಕು ಅಂತ ಅವತ್ತು ತಿಳಿಯಿತು, ಅಂದಿನಿಂದ ಅವರ ಕಣ್ಣೆದುರೇ ಇದ್ದುಬಿಟ್ಟೆ ಅನ್ನುತ್ತಾನೆ. ಜಂಭದ ಮನುಷ್ಯ ತನ್ನ ಜಂಭದ ಮೇಲೆಯೇ ಜೋಕು ಹೊಡೆಯುತ್ತಾನೆ. ಈ ಎರಡೂ ಸೇರಿ ಇರುವುದು ಅಪರೂಪ.

ಐದು ವರ್ಷದ ನಂತರ ಅದೇ ಸಿಸಿಲಿಯ ಜನ ಇವನನ್ನು ಹುಡುಕಿಕೊಂಡು ಬಂದರು. ವೆರ್ರೆಸ್ ಅನ್ನುವ ಗವರ್ನರ್ ಮೂರು ವರ್ಷ ಆ ದ್ವೀಪವನ್ನು ದೋಚಿದ್ದ. ದೇವಸ್ಥಾನದ ವಿಗ್ರಹಗಳನ್ನೂ ಬಿಟ್ಟಿರಲಿಲ್ಲ. ಗಾವಿಯಸ್ ಅನ್ನುವವನನ್ನು ಮೆಸ್ಸಾನಾದಲ್ಲಿ, ಇಟಲಿಯ ತೀರ ಕಾಣುವ ಕಡೆ ಶಿಲುಬೆಗೆ ಏರಿಸಿದ್ದ. ನಾನು ರೋಮ್ ಪ್ರಜೆ, ನಾನು ರೋಮ್ ಪ್ರಜೆ ಅಂತ ಚಾಟಿ ಏಟಿನ ನಡುವೆ ಆತ ಕೂಗುತ್ತಿದ್ದನಂತೆ. ಪ್ರಜೆಯನ್ನು ಹಾಗೆ ಶಿಲುಬೆಗೆ ಏರಿಸುವಂತಿರಲಿಲ್ಲ. ಸಾಕ್ಷಿ ಕಲೆಹಾಕಲು ಸಿಸೆರೊ 110 ದಿನ ಕೇಳಿ ಪಡೆದ, 50 ದಿನದಲ್ಲೇ ಮುಗಿಸಿ ಬಂದ. ಎದುರಾಳಿ ವಕೀಲ ಹೊರ್ಟೆನ್ಸಿಯಸ್, ಆ ಕಾಲದ ನಂಬರ್ ಒನ್. ಕೇಸನ್ನು ಮುಂದಿನ ವರ್ಷಕ್ಕೆ ಎಳೆದುಬಿಟ್ಟರೆ ತಮ್ಮವರೇ ಅಧಿಕಾರಕ್ಕೆ ಬರುತ್ತಾರೆ ಅನ್ನುವುದು ವೆರ್ರೆಸ್ ಕಡೆಯವರ ಲೆಕ್ಕ. ಇದು ಗೊತ್ತಿದ್ದ ಸಿಸೆರೊ ಉದ್ದುದ್ದ ಭಾಷಣ ಬಿಟ್ಟು, ಚಿಕ್ಕದಾಗಿ ಮಾತಾಡಿ, ಸಾಲಾಗಿ ಸಾಕ್ಷಿಗಳನ್ನು ನಿಲ್ಲಿಸಿದ. ರೋಮಿನ ಅತಿ ದೊಡ್ಡ ಮಾತುಗಾರ ಗೆದ್ದದ್ದು ಮಾತು ಕಡಿಮೆ ಮಾಡಿ! ವೆರ್ರೆಸ್ ತೀರ್ಪಿಗೂ ಕಾಯದೆ ಈಗಿನ ಮಾರ್ಸೇಲ್ಸ್‌ಗೆ ಓಡಿಹೋದ. ಹೇಳದೆ ಉಳಿದ ಭಾಷಣವನ್ನೆಲ್ಲ ಸಿಸೆರೊ ಬರೆದು ಹೊರತಂದ. ಬರೆದದ್ದು ವ್ಯರ್ಥವಾಗಬಾರದಲ್ಲ.

ಕ್ರಿ.ಪೂ. 63ರಲ್ಲಿ ಕಾನ್ಸಲ್ ಆದ. ರೋಮ್ ಗಣರಾಜ್ಯದ ಅತಿ ಎತ್ತರದ ಹುದ್ದೆ. ಅದೇ ವರ್ಷ ಕ್ಯಾಟಿಲೈನ್ ಅನ್ನುವ ಸಾಲಗಾರ ಶ್ರೀಮಂತ ದಂಗೆಗೆ ಪಿತೂರಿ ಮಾಡಿದ. ಎಲ್ಲಿಯವರೆಗೆ ನಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತೀಯ, ಕ್ಯಾಟಿಲೈನ್ ಅಂತ ಸೆನೆಟ್‌ನಲ್ಲಿ ಶುರುವಾದ ಆ ಭಾಷಣ ಇವತ್ತಿಗೂ ಲ್ಯಾಟಿನ್ ಪಾಠದಲ್ಲಿದೆ. ಕ್ಯಾಟಿಲೈನ್ ಊರು ಬಿಟ್ಟ. ಅವನ ಕಡೆಯ ಐವರು ಸಿಕ್ಕಿಬಿದ್ದರು. ಡಿಸೆಂಬರ್ 5ರಂದು ಸೆನೆಟ್‌ನಲ್ಲಿ ಚರ್ಚೆಯಾಯಿತು. ಕೊಲ್ಲಬೇಡಿ ಅಂದವನು ಸೀಸರ್. ಕೊಲ್ಲಲೇಬೇಕು ಅಂದವನು ಕ್ಯಾಟೊ. ಅಂದು ಸಂಜೆಯೇ ಐವರನ್ನೂ ವಿಚಾರಣೆ ಇಲ್ಲದೆ ಸೆರೆಮನೆಯ ನೆಲಮಾಳಿಗೆಯಲ್ಲಿ ಕತ್ತು ಬಿಗಿದು ಕೊಂದರು. ಹೊರಗೆ ಬಂದ ಸಿಸೆರೊ ಜನರಿಗೆ ಹೇಳಿದ್ದು ಒಂದೇ ಮಾತು: "ಬದುಕಿದ್ದರು." ಸತ್ತರು ಅನ್ನುವುದು ಅಪಶಕುನವಂತೆ.

ಕಾನೂನನ್ನೇ ನಂಬಿ ಮೇಲೆ ಬಂದವನು ಕಾನೂನನ್ನು ಮೀರಿದ ದಿನ ಅದು. ನಾಡು ಉಳಿಸಿದ ಅಂತ ಅವನನ್ನು ಪಿತೃಭೂಮಿಯ ತಂದೆ ಎಂದು ಕೊಂಡಾಡಿದರು. ಅವನಿಗೂ ಅದು ತಲೆಗೇರಿತು. ಆ ವರ್ಷದ ಬಗ್ಗೆ ಗ್ರೀಕಿನಲ್ಲಿ ಬರೆದ, ಪದ್ಯವನ್ನೂ ಬರೆದ. ನಾನು ಕಾನ್ಸಲ್ ಆಗಿದ್ದಾಗ ಹುಟ್ಟಿದ ರೋಮೇ, ನೀನೆಷ್ಟು ಭಾಗ್ಯವಂತೆ ಅನ್ನುವ ಅರ್ಥದ ಒಂದು ಸಾಲಿಗೆ ನೂರಾರು ವರ್ಷ ಜನ ನಕ್ಕರು. ಲುಕ್ಕೇಯಸ್ ಅನ್ನುವ ಇತಿಹಾಸಕಾರನಿಗೆ ಇವನು ಬರೆದ ಕಾಗದ ಉಳಿದಿದೆ. ನನ್ನ ಬಗ್ಗೆ ಒಂದು ಪುಸ್ತಕ ಬರೆ, ಇತಿಹಾಸದ ಕಟ್ಟುಪಾಡನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಿಜಕ್ಕಿಂತ ಒಂದು ಗುಲಗಂಜಿ ಜಾಸ್ತಿಯೇ ಹೊಗಳು ಅಂತ ನೇರವಾಗಿ ಕೇಳುತ್ತಾನೆ. ಮುಖಾಮುಖಿ ಕೇಳಲು ನಾಚಿಕೆ, ಕಾಗದಕ್ಕೆ ನಾಚಿಕೆಯಿಲ್ಲ ನೋಡು ಅಂತ ಪೀಠಿಕೆ ಬೇರೆ. ಈ ಕಾಗದ ತುಂಬ ಚೆನ್ನಾಗಿ ಬಂದಿದೆ, ಇಸಕೊಂಡು ಓದು ಅಂತ ಇನ್ನೊಬ್ಬ ಗೆಳೆಯನಿಗೂ ಹೇಳಿದ್ದಾನೆ.

ಇನ್ನೊಂದು ಮಾತೂ ಇದೆ. ಪಿತೂರಿ ಅಡಗಿಸಿದ ಮರುವರ್ಷ ಪ್ಯಾಲಟೈನ್ ಗುಡ್ಡದ ಮೇಲೆ 35 ಲಕ್ಷ ಸೆಸ್ಟರ್ಸ್ ಕೊಟ್ಟು ಮನೆ ಕೊಂಡ. ಸಾಲ ಮಾಡಿಯೇ ಕೊಂಡಿದ್ದು. ಈಗ ನನ್ನ ಮೇಲೆ ಎಷ್ಟು ಸಾಲ ಇದೆಯೆಂದರೆ, ಯಾರಾದರೂ ಸೇರಿಸಿಕೊಂಡರೆ ನಾನೂ ಒಂದು ಪಿತೂರಿಗೆ ಸೇರುತ್ತೇನೆ ಅಂತ ಬರೆಯುತ್ತಾನೆ. ಇಂಥ ಒಂದು ವಾಕ್ಯ ಓದಿದ ಮೇಲೆ ಅವನ ಪದ್ಯವನ್ನು ಕ್ಷಮಿಸಬೇಕು ಅನ್ನಿಸುತ್ತದೆ.

ಕ್ರಿ.ಪೂ. 58ರಲ್ಲಿ ಆ ಐವರ ಸಾವು ತಿರುಗಿ ಹೊಡೆಯಿತು. ವಿಚಾರಣೆಯಿಲ್ಲದೆ ಪ್ರಜೆಯನ್ನು ಕೊಂದವನಿಗೆ ಗಡಿಪಾರು ಅಂತ ಸಿಸೆರೊನ ಶತ್ರು ಕ್ಲೋಡಿಯಸ್ ಕಾನೂನು ತಂದ. ಸಿಸೆರೊ ಗ್ರೀಸಿನ ಕಡೆ ಓಡಿದ. ಆ ಗುಡ್ಡದ ಮನೆಯನ್ನು ಕೆಡವಿ, ಅಲ್ಲಿ ಸ್ವಾತಂತ್ರ್ಯ ದೇವತೆಗೆ ಗುಡಿ ಎಬ್ಬಿಸಿದರು. ಗಡಿಪಾರಿನ ಕಾಗದಗಳು ಓದಲು ಕಷ್ಟ. ಅಳು, ಗೋಳು, ಅವರು ಮೋಸ ಮಾಡಿದರು, ಇವರು ಕೈಕೊಟ್ಟರು, ನಾನು ಯಾಕೆ ಸಾಯಲಿಲ್ಲ. ಧೈರ್ಯ ತಂದುಕೋ ಅಂತ ಹೇಳಿ ಹೇಳಿ ಗೆಳೆಯ ಅಟ್ಟಿಕಸ್‌ಗೆ ಸಾಕಾಗಿರಬೇಕು. ಒಂದೂವರೆ ವರ್ಷದಲ್ಲಿ ವಾಪಸು ಕರೆಸಿಕೊಂಡರು. ಆದರೆ ಅಷ್ಟರಲ್ಲಿ ಆಟ ಪಾಂಪೆ, ಸೀಸರ್, ಕ್ರಾಸಸ್ ಈ ಮೂವರ ಕೈಗೆ ಹೋಗಿತ್ತು.

ಈ ಕಾಗದಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿಸೆರೊಗೆ ಸಂಬಂಧಿಸಿದ 900ಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅದರಲ್ಲಿ 400ಕ್ಕೂ ಹೆಚ್ಚು ಅಟ್ಟಿಕಸ್‌ಗೆ ಬರೆದವು. ಅಟ್ಟಿಕಸ್ ಶ್ರೀಮಂತ, ಬಹಳ ವರ್ಷ ಅಥೆನ್ಸ್‌ನಲ್ಲಿದ್ದವನು, ರಾಜಕೀಯದಿಂದ ದೂರ ಇದ್ದು ಎಲ್ಲ ಪಕ್ಷದವರಿಗೂ ಬೇಕಾದವನು. ಅವನ ಜೊತೆ ಹುಟ್ಟಿದ ಪೊಂಪೋನಿಯಳನ್ನು ಸಿಸೆರೊನ ತಮ್ಮ ಕ್ವಿಂಟಸ್‌ಗೆ ಕೊಟ್ಟಿದ್ದರು. ಗೆಳೆತನದ ಜೊತೆ ನೆಂಟಸ್ತಿಕೆಯೂ ಸೇರಿತ್ತು ಅನ್ನಿ.

ಮಧ್ಯಯುಗದಲ್ಲಿ ಯುರೋಪಿನ ವಿದ್ವಾಂಸರಿಗೆ ಗೊತ್ತಿದ್ದದ್ದು ಮುಖ್ಯವಾಗಿ ಭಾಷಣದ ಸಿಸೆರೊ, ತತ್ವಶಾಸ್ತ್ರದ ಸಿಸೆರೊ. 1345ರಲ್ಲಿ ಇಟಲಿಯ ಕವಿ ಪೆಟ್ರಾರ್ಕ್‌ಗೆ ವೆರೋನಾದ ಗ್ರಂಥಾಲಯದಲ್ಲಿ ಅಟ್ಟಿಕಸ್‌ಗೆ ಬರೆದ ಕಾಗದಗಳ ಹಸ್ತಪ್ರತಿ ಸಿಕ್ಕಿತು. ಅವನು ಸಿಸೆರೊನನ್ನು ದೇವರಂತೆ ಕಂಡವನು. ಕೂತು ಕೈಯಾರೆ ನಕಲು ಮಾಡಿಕೊಂಡ. ಓದುತ್ತಾ ಹೋದಂತೆ ಎದೆ ಒಡೆಯಿತು. ಇಷ್ಟು ಜಗಳ, ಇಷ್ಟು ಚಂಚಲ, ಇಷ್ಟು ದೂರು! ಸತ್ತು ಸಾವಿರದ ಮುನ್ನೂರು ವರ್ಷ ದಾಟಿದ್ದ ಸಿಸೆರೊಗೇ ಬೇಸರದಲ್ಲಿ ಪೆಟ್ರಾರ್ಕ್ ಒಂದು ಕಾಗದ ಬರೆದ, ಮುದಿವಯಸ್ಸಿನಲ್ಲಿ ನಿನಗೆ ಈ ಜಂಜಾಟವೆಲ್ಲ ಯಾಕೆ ಬೇಕಿತ್ತು ಅಂತ. ಪೆಟ್ರಾರ್ಕ್‌ಗೆ ಹಿಡಿಸದೇ ಹೋದದ್ದೇ ನನಗೆ ಹಿಡಿಸಿತು.

ಒಂದು ಉದಾಹರಣೆ ಕೊಡುತ್ತೇನೆ. ಕ್ರಿ.ಪೂ. 51. ಸಿಸೆರೊ ಕಿಲಿಕಿಯ ಪ್ರಾಂತ್ಯಕ್ಕೆ, ಅಂದರೆ ಈಗಿನ ಟರ್ಕಿಯ ದಕ್ಷಿಣ ಭಾಗಕ್ಕೆ ಗವರ್ನರ್ ಆಗಿ ಹೊರಟಿದ್ದಾನೆ. ದಾರಿಯಲ್ಲಿ ತಮ್ಮನ ತೋಟದ ಮನೆ. ಅವತ್ತು ಊರಿನಲ್ಲಿ ಹಬ್ಬ, ಊಟಕ್ಕೆ ಜನ ಕರೆಯಬೇಕು. ಕ್ವಿಂಟಸ್ ಹೆಂಡತಿಗೆ ಬಹಳ ಮೆತ್ತಗೆ ಹೇಳುತ್ತಾನೆ: "ಪೊಂಪೋನಿಯ, ನೀನು ಹೆಂಗಸರನ್ನು ಕರೆ, ನಾನು ಗಂಡಸರನ್ನು ಕರೀತೀನಿ." ಅದಕ್ಕೆ ಅವಳು ಎಲ್ಲರಿಗೂ ಕೇಳುವ ಹಾಗೆ, "ನಾನೇ ಇಲ್ಲಿ ನೆಂಟಳು" ಅಂದಳು. ಕಾರಣ? ಊಟದ ವ್ಯವಸ್ಥೆ ನೋಡಿಕೊಳ್ಳಲು ಸ್ಟೇಷಿಯಸ್ ಅನ್ನುವ ಮನೆಯ ಆಳನ್ನು ಗಂಡ ಮೊದಲೇ ಕಳಿಸಿದ್ದ. ತನ್ನನ್ನು ಕೇಳಲಿಲ್ಲ ಅನ್ನುವ ಸಿಟ್ಟು. ಕ್ವಿಂಟಸ್ ಅಣ್ಣನ ಕಡೆ ತಿರುಗಿ, "ನೋಡು, ದಿನಾ ಇದೇ ಪಾಡು ನನ್ನದು" ಅಂದ. ಎಲ್ಲರೂ ಊಟಕ್ಕೆ ಕೂತರು, ಅವಳು ಬರಲಿಲ್ಲ. ಒಳಗೆ ತಟ್ಟೆ ಕಳಿಸಿದರೆ ಹಾಗೇ ವಾಪಸು ಬಂತು. ಇದನ್ನೆಲ್ಲ ಸಿಸೆರೊ ಬರೆಯುತ್ತಿರುವುದು ಯಾರಿಗೆ? ಪೊಂಪೋನಿಯಳ ತವರಿಗೆ, ಅಂದರೆ ಅಟ್ಟಿಕಸ್‌ಗೆ! ನನ್ನ ತಮ್ಮ ಎಷ್ಟು ಸಮಾಧಾನದಿಂದ ಇದ್ದ, ನಿಮ್ಮವಳು ಎಷ್ಟು ಒರಟಾಗಿ ಮಾತಾಡಿದಳು, ನೀನೇ ಸ್ವಲ್ಪ ಬುದ್ಧಿ ಹೇಳು ಅಂತ.

ನನಗಂತೂ ಪೊಂಪೋನಿಯಳ ಮೇಲೆ ಕನಿಕರ. ತನ್ನ ಮನೆಯಲ್ಲಿ ಅಡಿಗೆ ಯಜಮಾನಿಕೆ ಆಳಿಗೆ ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವಳ ಕಡೆಯ ಮಾತು ನಮಗೆ ಸಿಕ್ಕಿಲ್ಲ. ಸಿಕ್ಕಿರುವುದು ಭಾವನ ವರದಿ ಮಾತ್ರ. ಆದರೆ ಎರಡು ಸಾವಿರ ವರ್ಷದ ಹಿಂದಿನ ಒಂದು ಮುನಿಸು, ಹಿಂತಿರುಗಿದ ತಟ್ಟೆಯ ಸಮೇತ ಕಣ್ಣಿಗೆ ಕಟ್ಟುವ ಹಾಗೆ ಉಳಿದಿದೆಯಲ್ಲ!

ಕಿಲಿಕಿಯದಲ್ಲಿ ಅವನು ಒಳ್ಳೆಯ ಆಡಳಿತವನ್ನೇ ಕೊಟ್ಟ. ಹಿಂದಿನ ಗವರ್ನರ್ ಸುಲಿದು ಹಾಕಿದ್ದ ಜನರಿಗೆ ಉಸಿರು ಬಂತು. ಅಲ್ಲಿಗೂ ರೋಮಿನಿಂದ ಬೇಡಿಕೆಗಳು ಬರುತ್ತಿದ್ದವು. ಕೇಲಿಯಸ್ ಅನ್ನುವ ಯುವ ರಾಜಕಾರಣಿಗೆ ಜನರ ಮುಂದೆ ಕಾಳಗದ ಆಟ ಏರ್ಪಡಿಸಲು ಚಿರತೆಗಳು ಬೇಕು. ಕಾಗದದ ಮೇಲೆ ಕಾಗದ. ಸಿಸೆರೊನ ಉತ್ತರ ಹೀಗಿದೆ: ಬೇಟೆಗಾರರಿಗೆ ಹೇಳಿದ್ದೇನೆ, ಆದರೆ ಚಿರತೆ ಸಿಗುವುದು ಕಷ್ಟ. ನಿಮ್ಮ ಪ್ರಾಂತ್ಯದಲ್ಲಿ ಹೊಂಚು ಹಾಕುವುದು ನಮಗೆ ಮಾತ್ರ ಅಂತ ಚಿರತೆಗಳ ದೂರು. ಹಾಗಾಗಿ ಪಕ್ಕದ ಕಾರಿಯಕ್ಕೆ ವಲಸೆ ಹೋಗಲು ತೀರ್ಮಾನಿಸಿವೆಯಂತೆ.

ಅಲ್ಲಿಯೇ ಇನ್ನೊಂದು ಬೇಡಿಕೆಯೂ ಬಂತು. ಅದು ನಗುವಂಥದ್ದಲ್ಲ. ಸೈಪ್ರಸ್ ದ್ವೀಪದ ಸಲಾಮಿಸ್ ಊರು ಸಾಲ ಮಾಡಿತ್ತು. ಬಡ್ಡಿ ವರ್ಷಕ್ಕೆ ಶೇ. 48. ವಸೂಲಿಗೆ ನಿಂತವನು ಸ್ಕಾಪ್ಟಿಯಸ್. ಹಿಂದಿನ ಗವರ್ನರ್ ಇವನಿಗೆ ಕುದುರೆ ದಳವನ್ನೇ ಕೊಟ್ಟಿದ್ದ. ಆ ಸವಾರರನ್ನು ಇಟ್ಟುಕೊಂಡು ಇವನು ಊರಿನ ಸಭೆಯವರನ್ನು ಸಭಾಭವನದೊಳಗೇ ಕೂಡಿಹಾಕಿದ್ದ. ಐವರು ಹಸಿವಿನಿಂದ ಸತ್ತರು. ಸಿಸೆರೊ ಬಂದವನೇ ಸವಾರರನ್ನು ಹಿಂದಕ್ಕೆ ಕರೆಸಿದ. ನನ್ನ ಆಡಳಿತದಲ್ಲಿ ಬಡ್ಡಿ ಶೇ. 12ಕ್ಕಿಂತ ಜಾಸ್ತಿ ಇಲ್ಲ ಅಂದ. ಆಮೇಲೆ ತಿಳಿಯಿತು, ಸಾಲ ಕೊಟ್ಟ ದುಡ್ಡು ಸ್ಕಾಪ್ಟಿಯಸ್‌ನದಲ್ಲ. ಅದು ಬ್ರೂಟಸ್‌ನದು. ಹೌದು, ಅದೇ ಬ್ರೂಟಸ್. ಆದರ್ಶವಾದಿ, ಸ್ವಾತಂತ್ರ್ಯಕ್ಕಾಗಿ ಸೀಸರನನ್ನು ಕೊಂದ ಮಹನೀಯ ಅಂತ ನಾಟಕ ನೋಡಿದವರೆಲ್ಲ ತಿಳಿದುಕೊಂಡಿರುವ ಬ್ರೂಟಸ್.

ಅಟ್ಟಿಕಸ್ ಕೂಡ ಶಿಫಾರಸು ಮಾಡಿದ, ಬ್ರೂಟಸ್‌ಗಾಗಿ ಒಂದು ಐವತ್ತು ಸವಾರರನ್ನು ಕೊಟ್ಟುಬಿಡು ಅಂತ. ಸಿಸೆರೊ ಚುಚ್ಚಿದ: ಸ್ಪಾರ್ಟಕಸ್ ದಂಗೆ ಶುರು ಮಾಡಿದಾಗ ಅವನ ಜೊತೆ ಅಷ್ಟೂ ಜನ ಇರಲಿಲ್ಲ. ಸವಾರರನ್ನು ಕೊಡಲಿಲ್ಲ, ಭೇಷ್. ಸಲಾಮಿಸ್‌ನವರು ಶೇ. 12ರ ಲೆಕ್ಕದಲ್ಲಿ ದುಡ್ಡು ಎಣಿಸಿಕೊಡಲು ಸಿದ್ಧವಾಗಿದ್ದರು. ಸ್ಕಾಪ್ಟಿಯಸ್ ತೆಗೆದುಕೊಳ್ಳಲಿಲ್ಲ. ಹಾಗಾದರೆ ದೇವಸ್ಥಾನದಲ್ಲಿ ಇಟ್ಟುಬಿಡುತ್ತೇವೆ, ಬಡ್ಡಿ ನಿಲ್ಲಲಿ ಅಂತ ಅವರು ಕೇಳಿಕೊಂಡರು. ಸಿಸೆರೊ ಅದಕ್ಕೆ ಒಪ್ಪಲಿಲ್ಲ. ತೀರ್ಪೂ ಕೊಡಲಿಲ್ಲ. ಕೇಸನ್ನು ಮುಂದಿನ ಗವರ್ನರ್‌ಗೆ ಬಿಟ್ಟು ಹೊರಟುಹೋದ. ಬ್ರೂಟಸ್‌ಗಾಗಿ ಅಷ್ಟು ಮಾಡಿದೆ ಅಂತ ತಾನೇ ಬರೆದುಕೊಂಡಿದ್ದಾನೆ.

ಇಡೀ ಸಿಸೆರೊ ಇದರಲ್ಲಿ ಇದ್ದಾನೆ. ಸರಿ ಯಾವುದು ಅಂತ ಗೊತ್ತು. ಮುಕ್ಕಾಲು ದಾರಿ ನಡೆಯುತ್ತಾನೆ. ಕೊನೆಯ ಕಾಲು ದಾರಿಯಲ್ಲಿ ದೊಡ್ಡವರ ಮುಖ ನೆನಪಾಗುತ್ತದೆ. ಆದರೆ ಒಂದು ಮಾತು. ಬ್ರೂಟಸ್‌ನ ಆ ಸಾಲದ ವ್ಯವಹಾರ ನಮಗೆ ಗೊತ್ತಾಗಿದ್ದು ಹೇಗೆ? ಸಿಸೆರೊ ಬರೆದಿಟ್ಟಿದ್ದರಿಂದ. ಸಿಸೆರೊ ಕೊನೆಯಲ್ಲಿ ಸಡಿಲಬಿಟ್ಟ ಅಂತ ಗೊತ್ತಾಗಿದ್ದು? ಅದೂ ಅವನೇ ಬರೆದದ್ದರಿಂದ. ಸೀಸರ್ ಕೂಡ ಬರೆದ. ಗಾಲ್ ಯುದ್ಧದ ಪುಸ್ತಕದಲ್ಲಿ ತನ್ನನ್ನೇ 'ಸೀಸರ್ ಹೀಗೆ ಮಾಡಿದ' ಅಂತ ದೂರ ನಿಂತು ಬರೆದ. ಆ ವಾಕ್ಯಗಳಿಂದ ಒಂದು ಹನಿ ಅಳುಕೂ ಹೊರಗೆ ಸೋರುವುದಿಲ್ಲ. ಸೀಸರ್‌ಗೆ ಅಳುಕೇ ಇರಲಿಲ್ಲವೇ? ಇದ್ದರೂ ನಮಗೆ ಕೊಡಲಿಲ್ಲ. ಸಿಸೆರೊ ಪುಕ್ಕಲ ಅಂತ ಇತಿಹಾಸಕಾರರು ತೀರ್ಪು ಕೊಟ್ಟಿದ್ದಾರಲ್ಲ, ಆ ತೀರ್ಪಿಗೆ ಇರುವ ದಾಖಲೆಯಲ್ಲಿ ಮುಕ್ಕಾಲು ಪಾಲು ಆರೋಪಿಯ ಕೈಬರಹ.

ಆಳುಗಳ ವಿಷಯದಲ್ಲೂ ಅಷ್ಟೇ. ಟೀರೊ ಅವನ ಗುಲಾಮನಾಗಿದ್ದು ಕಾರ್ಯದರ್ಶಿಯಾದವನು. ಮಾತಿನ ವೇಗಕ್ಕೆ ಬರೆದುಕೊಳ್ಳುವ ಚುಟುಕು ಲಿಪಿಗೆ ಇವತ್ತಿಗೂ ಅವನ ಹೆಸರೇ ಇದೆ. ಕ್ರಿ.ಪೂ. 53ರಲ್ಲಿ ಅವನಿಗೆ ಬಿಡುಗಡೆ ಕೊಟ್ಟರು. ಮುಂದೊಮ್ಮೆ ಟೀರೊ ಗ್ರೀಸಿನ ಪಾತ್ರಾಸ್‌ನಲ್ಲಿ ಕಾಯಿಲೆ ಬಿದ್ದಾಗ ಸಿಸೆರೊ ದಾರಿಯುದ್ದಕ್ಕೂ ಕಾಗದ ಬರೆಯುತ್ತಾ ಹೋದ. ಖರ್ಚಿನ ಮುಖ ನೋಡಬೇಡ, ವೈದ್ಯನಿಗೆ ಏನು ಬೇಕೋ ಕೊಡಲು ಹೇಳಿದ್ದೇನೆ, ಪೂರ್ತಿ ಗುಣವಾಗದೆ ಹಡಗು ಹತ್ತಬೇಡ ಅಂತ. ಓದಿದರೆ ಕಣ್ಣು ತೇವವಾಗುತ್ತದೆ. ಆದರೆ ಡಿಯೊನೀಸಿಯಸ್ ಅನ್ನುವ ಇನ್ನೊಬ್ಬ ಗುಲಾಮ ಗ್ರಂಥಾಲಯದ ಪುಸ್ತಕ ಕದ್ದು ಇಲ್ಲಿರಿಯದ ಕಡೆ ಪರಾರಿಯಾದಾಗ, ಅವನನ್ನು ಹಿಡಿದು ಕಳಿಸಿ ಅಂತ ಅಲ್ಲಿನ ದಂಡನಾಯಕನವರೆಗೂ ಕಾಗದ ಹೋಯಿತು. ಒಬ್ಬನ ಮೇಲಿನ ಪ್ರೀತಿ ಇಡೀ ಪದ್ಧತಿಯ ಬಗ್ಗೆ ಯೋಚಿಸುವಂತೆ ಮಾಡಲಿಲ್ಲ.

ಕ್ರಿ.ಪೂ. 49ರಲ್ಲಿ ಸೀಸರ್‌ಗೂ ಪಾಂಪೆಗೂ ಯುದ್ಧ ಶುರುವಾಯಿತು. ಸಿಸೆರೊ ತಿಂಗಳುಗಟ್ಟಲೆ ಹೊಯ್ದಾಡಿದ. ಯಾರಿಂದ ಓಡಬೇಕು ಅಂತ ಗೊತ್ತಿದೆ, ಯಾರ ಹಿಂದೆ ಹೋಗಬೇಕು ಅಂತ ಗೊತ್ತಿಲ್ಲ ಅನ್ನುವ ಅರ್ಥದ ಮಾತು ಆಗಿನದು. ಕೊನೆಗೆ ಪಾಂಪೆಯ ಕಡೆ ಹೋದ, ಅಲ್ಲಿ ಎಲ್ಲರನ್ನೂ ಗೇಲಿ ಮಾಡಿಕೊಂಡು ಕೂತ, ಪಾಂಪೆ ಸೋತ ಮೇಲೆ ಬ್ರುಂಡಿಸಿಯಮ್ ಬಂದರಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಸೀಸರನ ಕ್ಷಮೆಗೆ ಕಾದ. ಸೀಸರ್ ಕ್ಷಮಿಸಿದ. ಕ್ಷಮೆ ಪಡೆಯಬೇಕಾಗಿ ಬಂದದ್ದೇ ಇವನಿಗೆ ನುಂಗಲಾರದ ತುತ್ತು.

ಅದೇ ಸೀಸರ್ ಕ್ರಿ.ಪೂ. 45ರ ಡಿಸೆಂಬರ್‌ನಲ್ಲಿ ಸಿಸೆರೊನ ತೋಟದ ಮನೆಗೆ ಊಟಕ್ಕೆ ಬಂದ. ಜೊತೆಗೆ ಎರಡು ಸಾವಿರ ಜನ. ಊಟ ಚೆನ್ನಾಗಿ ಆಯಿತು, ಗಂಭೀರ ವಿಷಯ ಒಂದೂ ಇಲ್ಲ, ಸಾಹಿತ್ಯದ ಮಾತು ಬೇಕಾದಷ್ಟು ಅಂತ ಅಟ್ಟಿಕಸ್‌ಗೆ ಬರೆಯುತ್ತಾನೆ. ಆಮೇಲೆ, ಈ ಕಡೆ ಬಂದಾಗ ಮತ್ತೆ ಬನ್ನಿ ಅಂತ ಹೇಳುವಂಥ ಅತಿಥಿಯಲ್ಲ, ಒಂದು ಸಲ ಸಾಕು ಅನ್ನುತ್ತಾನೆ.

ಆ ವರ್ಷ ಸಿಸೆರೊಗೆ ಒಳಗಿನಿಂದ ಏನೂ ಉಳಿದಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಟೆರೆನ್ಷಿಯಳಿಂದ ಬೇರೆಯಾಗಿದ್ದ. 60ರ ವಯಸ್ಸಿನಲ್ಲಿ, ತನ್ನ ಪಾಲನೆಯಲ್ಲಿದ್ದ ಪಬ್ಲಿಲಿಯ ಅನ್ನುವ ಸಣ್ಣ ಹುಡುಗಿಯನ್ನು ಮದುವೆಯಾದ. ದುಡ್ಡಿಗಾಗಿ ಅಂತ ಜನ ಆಡಿಕೊಂಡರು. ಆ ಮದುವೆಯನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಮಗಳು ಟುಲ್ಲಿಯ ಹೆರಿಗೆಯಾದ ಕೆಲವೇ ವಾರಕ್ಕೆ ತೀರಿಕೊಂಡಳು. ಅವನಿಗೆ ಲೋಕದಲ್ಲಿ ಎಲ್ಲರಿಗಿಂತ ಹೆಚ್ಚಿದ್ದವಳು ಅವಳು. ಪಬ್ಲಿಲಿಯಳಿಗೆ ಆ ಸಾವಿನಿಂದ ಸಂತೋಷವಾಗಿದೆ ಅನ್ನಿಸಿ ಅವಳನ್ನೂ ಬಿಟ್ಟ. ಸಮುದ್ರ ತೀರದ ಅಸ್ಟೂರಾಕ್ಕೆ ಹೋಗಿ ಒಬ್ಬನೇ ಕೂತ. ಅಲ್ಲಿಂದ ಬರೆದದ್ದು ಇದು: ಇಲ್ಲಿ ಯಾರ ಜೊತೆಗೂ ಮಾತಿಲ್ಲ. ಬೆಳಿಗ್ಗೆ ದಟ್ಟ ಕಾಡಿನೊಳಗೆ ಹೊಕ್ಕರೆ ಸಂಜೆಯವರೆಗೂ ಹೊರಗೆ ಬರುವುದಿಲ್ಲ. ಮಾತೆಲ್ಲ ಪುಸ್ತಕಗಳ ಜೊತೆಗೆ. ಅದನ್ನೂ ಅಳು ಬಂದು ನಿಲ್ಲಿಸುತ್ತದೆ. ಆದಷ್ಟು ತಡೆಯುತ್ತೇನೆ, ಇನ್ನೂ ಆಗುತ್ತಿಲ್ಲ.

ಸರ್ವಿಯಸ್ ಸುಲ್ಪಿಸಿಯಸ್ ಅನ್ನುವ ಗೆಳೆಯ ಗ್ರೀಸಿನಿಂದ ಸಮಾಧಾನದ ಕಾಗದ ಬರೆದ. ಹಡಗಿನಲ್ಲಿ ಬರುವಾಗ ಈಜಿನಾ, ಮೆಗಾರಾ, ಪಿರೇಯಸ್, ಕೊರಿಂತ್ ಹಾಳುಬಿದ್ದಿರುವುದನ್ನು ಕಂಡೆ, ಊರುಗಳೇ ಹೆಣವಾಗಿ ಬಿದ್ದಿರುವಾಗ ನಮ್ಮ ಪುಟ್ಟ ಜೀವದ ಸಾವಿಗೆ ಅಳುವುದೇ ಅಂತ. ಅದ್ಭುತ ಗದ್ಯ. ಆದರೆ ಮಗಳನ್ನು ಕಳೆದುಕೊಂಡವನಿಗೆ ಕೊರಿಂತ್ ಕಟ್ಟಿಕೊಂಡು ಏನಾಗಬೇಕು? ಸಿಸೆರೊ ವಿನಯದಿಂದ ಉತ್ತರಿಸಿದ: ಮಕ್ಕಳನ್ನು ಕಳೆದುಕೊಂಡ ಬೇರೆ ದೊಡ್ಡವರಿಗೆ ಮುಳುಗಲು ರಾಜಕೀಯವಾದರೂ ಇತ್ತು, ನನಗೆ ಅದೂ ಇಲ್ಲ, ಮೊದಲು ಹೊರಗೆ ನೊಂದು ಮನೆಗೆ ಬಂದರೆ ಅವಳಿದ್ದಳು.

ಆಮೇಲೆ ಬರೆಯತೊಡಗಿದ. ಸುಮಾರು ಎರಡು ವರ್ಷದಲ್ಲಿ ಸಾಲು ಸಾಲು ಪುಸ್ತಕ: ದುಃಖದ ಬಗ್ಗೆ, ದೇವರ ಬಗ್ಗೆ, ಮುಪ್ಪಿನ ಬಗ್ಗೆ, ಗೆಳೆತನದ ಬಗ್ಗೆ, ಕರ್ತವ್ಯದ ಬಗ್ಗೆ. ಕೊನೆಯದು ಅಥೆನ್ಸ್‌ನಲ್ಲಿ ಓದುತ್ತಿದ್ದ, ಕುಡಿತಕ್ಕೆ ಹೆಸರಾದ ಮಗನಿಗೆ ಬರೆದದ್ದು. ಅಂದ ಹಾಗೆ, ಡಿಟಿಪಿ ಮಾಡುವವರು, ವೆಬ್‌ಸೈಟ್ ಡಿಸೈನ್ ಮಾಡುವವರು ಜಾಗ ತುಂಬಲು ಹಾಕುವ 'ಲೋರೆಮ್ ಇಪ್ಸಮ್' ಇದೆಯಲ್ಲ, ಅದು ಈ ಅವಧಿಯ ಒಂದು ಪುಸ್ತಕದ ವಾಕ್ಯಗಳನ್ನು ಕತ್ತರಿಸಿ ಕಲಸಿದ್ದು. ಮೂಲದಲ್ಲಿ ಅದು ನೋವು ಮತ್ತು ಸುಖದ ಬಗ್ಗೆ ಇರುವ ಮಾತು.

ಸೀಸರನ ಕೊಲೆಯ ಗುಟ್ಟನ್ನು ಕೊಂದವರು ಸಿಸೆರೊಗೆ ಹೇಳಿರಲಿಲ್ಲ. ವಯಸ್ಸಾಗಿದೆ, ಹಿಂಜರಿಯುವವನು ಅಂತ. ಆದರೆ ಆಮೇಲಿನ ಒಂದು ವರ್ಷದಲ್ಲಿ ಹಿಂಜರಿಯದವನು ಇವನೊಬ್ಬನೇ. ಸೀಸರನ ಬಲಗೈಯಾಗಿದ್ದ ಮಾರ್ಕ್ ಆಂಟನಿಯ ವಿರುದ್ಧ 14 ಭಾಷಣ ಬರೆದ. ಎರಡನೆಯದು ಎಷ್ಟು ವಿಷ ತುಂಬಿದ್ದೆಂದರೆ, ಅದನ್ನು ಸಭೆಯಲ್ಲಿ ಹೇಳದೆ ಬರಹದಲ್ಲೇ ಹಂಚಬೇಕಾಯಿತು. ಒಂದು ಎಡವಟ್ಟೂ ಮಾಡಿದ. ಸೀಸರನ ವಾರಸುದಾರ, ಹತ್ತೊಂಬತ್ತು ವರ್ಷದ ಆಕ್ಟೇವಿಯನ್‌ನನ್ನು ಆಂಟನಿಗೆ ಎದುರು ಬಳಸಿಕೊಳ್ಳಬಹುದು ಅಂದುಕೊಂಡ. ಈ ಹುಡುಗನನ್ನು ಹೊಗಳಬೇಕು, ಸನ್ಮಾನ ಮಾಡಬೇಕು, ಆಮೇಲೆ ಎತ್ತಿಬಿಡಬೇಕು ಅಂತ ಎಲ್ಲೋ ಅಂದನಂತೆ. ಮಾತು ಹುಡುಗನ ಕಿವಿಗೆ ಬಿತ್ತು. ಜೋಕು ಹೊಳೆದಾಗ ಬಾಯಿ ಮುಚ್ಚಿಕೊಳ್ಳುವುದು ಸಿಸೆರೊಗೆ ಯಾವತ್ತೂ ಆಗಿರಲಿಲ್ಲ.

ಕ್ರಿ.ಪೂ. 43ರ ಕೊನೆಗೆ ಆಂಟನಿ, ಆಕ್ಟೇವಿಯನ್ ಮತ್ತು ಲೆಪಿಡಸ್ ರಾಜಿಯಾಗಿ ಕೊಲ್ಲಬೇಕಾದವರ ಪಟ್ಟಿ ಮಾಡಿದರು. ಸಿಸೆರೊ ಹಡಗು ಹತ್ತಿದ. ಗಾಳಿ ಎದುರಾಯಿತು, ಹೊಟ್ಟೆ ತೊಳೆಸಿತು, ದಡಕ್ಕೆ ವಾಪಸು ಬಂದ. ನಾನು ಎಷ್ಟೋ ಸಲ ಉಳಿಸಿದ ನಾಡಿನಲ್ಲೇ ಸಾಯುತ್ತೇನೆ ಅಂದ ಅಂತ ರೋಮಿನ ಇತಿಹಾಸಕಾರ ಲಿವಿ ಬರೆದಿದ್ದಾನೆ. ಆಗಲೂ 'ಎಷ್ಟೋ ಸಲ'! ಡಿಸೆಂಬರ್ 7ರಂದು ಫಾರ್ಮಿಯೆ ಹತ್ತಿರ ಸೈನಿಕರು ಬಂದರು. ಆಳುಗಳು ಕಾದಾಡಲು ಸಿದ್ಧರಿದ್ದರು. ಪಲ್ಲಕ್ಕಿ ಇಳಿಸಿ ಅಂದ. ಕತ್ತು ಚಾಚಿದ. ತಲೆಯನ್ನೂ ಬರೆದ ಕೈಯನ್ನೂ ಕಡಿದು, ರೋಮಿನಲ್ಲಿ ಅವನು ನಿಂತು ಮಾತಾಡುತ್ತಿದ್ದ ವೇದಿಕೆಗೇ ಹೊಡೆದರು. ಅವನು ತನ್ನ ಕಷ್ಟಗಳಲ್ಲಿ ಗಂಡಸಿನಂತೆ ಎದುರಿಸಿದ್ದು ಸಾವನ್ನು ಮಾತ್ರ ಅಂತ ಲಿವಿಯ ತೀರ್ಪು. ಲಿವಿ ಸ್ವಲ್ಪ ಕಠಿಣನಾದ ಅಂತ ನನ್ನ ಅಭಿಪ್ರಾಯ. ಕಷ್ಟದಲ್ಲಿ ಅಳದವರು ಎಷ್ಟು ಜನ ಇದ್ದರೋ, ಅಳುತ್ತಾ ಅದನ್ನು ಬರೆದು ಕಳಿಸಿದವನು ಇವನು.

ಅಟ್ಟಿಕಸ್ ಬದುಕಿಕೊಂಡ. ಆಂಟನಿ ಕಷ್ಟದಲ್ಲಿದ್ದಾಗ ಅವನ ಹೆಂಡತಿ ಫುಲ್ವಿಯಳಿಗೆ ಸಹಾಯ ಮಾಡಿದ್ದ. ಹಾಗಾಗಿ ಪಟ್ಟಿಯಿಂದ ಪಾರಾದ. ಗೆಳೆಯನನ್ನು ಕೊಲ್ಲಿಸಿದವರ ಜೊತೆಗೂ ಚೆನ್ನಾಗಿಯೇ ಇದ್ದ, ಆಕ್ಟೇವಿಯನ್ ಕಡೆಯವರ ಜೊತೆ ನೆಂಟಸ್ತಿಕೆಯನ್ನೂ ಬೆಳೆಸಿದ. ಕ್ರಿ.ಪೂ. 32ರಲ್ಲಿ, 77 ತುಂಬಿದ ಮೇಲೆ, ಮನೆಯಲ್ಲೇ ತೀರಿಕೊಂಡ. ಸಿಸೆರೊ ಬರೆದ ಕಾಗದಗಳನ್ನು ಜೋಪಾನವಾಗಿ ಇಟ್ಟಿದ್ದ, ನೆಪೋಸ್ ಅನ್ನುವ ಲೇಖಕನಿಗೆ ಅವನ್ನು ನೋಡಲೂ ಕೊಟ್ಟಿದ್ದ. ತಾನು ಸಿಸೆರೊಗೆ ಬರೆದ ಕಾಗದಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ಸಲಾಮಿಸ್‌ಗೆ ಐವತ್ತು ಸವಾರರನ್ನು ಕೊಡು ಅಂತ ಅವನು ಯಾವ ಮಾತಿನಲ್ಲಿ ಕೇಳಿದ್ದನೋ, ಅದನ್ನೂ ನಾವು ಸಿಸೆರೊನ ಉತ್ತರದಿಂದಲೇ ಊಹಿಸಬೇಕು.